ಮಧ್ಯಾಹ್ನಕ್ಕೆ ಹಿಡಿಯದ ಕಂಪ್ರೆಸರ್

ಆ ಕಾರು ರಿಪೇರಿ ಶೆಡ್ಡಿನಲ್ಲಿ ಎ.ಸಿ. ಕೆಲಸವೆಂದರೆ ಬೆಳಗಿನ ಕೆಲಸ. ತಲೆಯ ಮೇಲಿನ ತಗಡು ಕಾದು ಕಾವಲಿಯಾಗುವ ಮೊದಲೇ ಒತ್ತಡದ ಗೇಜು ಹಚ್ಚಿ, ಗ್ಯಾಸು ನೋಡಿ, ತಂಪು ಬಂತೆಂದು ಖಾತ್ರಿಯಾದ ಮೇಲೆ ಗಾಡಿಯನ್ನು ಹೊರಗೆ ನಿಲ್ಲಿಸಿಬಿಡಬೇಕು. ಬಿಸಿಲೇರಿದ ಮೇಲೆ ಚಕ್ರ ಬಿಚ್ಚಲಿ, ಬ್ರೇಕು ನೋಡಲಿ, ಬೇಕಾದ್ದು ಮಾಡಲಿ, ಎ.ಸಿ.ಯ ತಂಟೆಗೆ ಮಾತ್ರ ಯಾರೂ ಹೋಗಕೂಡದು. ಇದು ಮೇಸ್ತ್ರಿ ಹಾಕಿಕೊಟ್ಟ ಕಟ್ಟಳೆ.

ಕಟ್ಟಳೆಗೆ ಕಾರಣವಿತ್ತು. ಮೇಸ್ತ್ರಿ ಹರೆಯದಲ್ಲಿ ಬೇರೆಯವರ ಕೈಕೆಳಗೆ ದುಡಿಯುತ್ತಿದ್ದಾಗ, ರಿಪೇರಿಗೆ ಬಂದ ಧಣಿಯೊಬ್ಬ ತನ್ನ ಕಾರನ್ನು ಆ ಮಧ್ಯಾಹ್ನವೇ ತಣ್ಣಗೆ ಮಾಡಿಕೊಡಬೇಕೆಂದು ಹಿಡಿದ ಹಟಕ್ಕೆ ಜೊತೆಗಾರನೊಬ್ಬ ಉರಿಬಿಸಿಲಲ್ಲಿ ಓಡುವ ಇಂಜಿನ್ನಿನ ಮೇಲೆ ಬಗ್ಗಿ ನಿಂತವನು ಹಾಗೆಯೇ ಕುಸಿದು ಮತ್ತೆ ಏಳಲಿಲ್ಲ. ಧಣಿ ಕಿಟಕಿ ಏರಿಸಿಕೊಂಡು ಹೊರಟುಹೋದ. ಕಾರು ಚೆನ್ನಾಗಿಯೇ ತಂಪಾಗಿತ್ತಂತೆ. ಒಬ್ಬನ ಬೆನ್ನು ತಣ್ಣಗಿರಲೆಂದು ಇನ್ನೊಬ್ಬನ ಮಿದುಳು ಬೇಯಬೇಕೆನ್ನುವ ಈ ಲೋಕದ ನ್ಯಾಯಕ್ಕೆ ಮೇಸ್ತ್ರಿ ಕೊಟ್ಟ ಉತ್ತರವೇ ಆ ಕಟ್ಟಳೆ. ತಮ್ಮದೇ ಶೆಡ್ಡು ಎಬ್ಬಿಸಿದ ದಿನ ಅವರು ಮೊದಲು ಆಡಿದ ಮಾತೂ ಅದೇ ಆಗಿತ್ತು: ಯಾರದೋ ತಂಪಿಗಾಗಿ ನಮ್ಮವರು ಬಿಸಿಲಲ್ಲಿ ಸಾಯಕೂಡದು.

ಮೇಸ್ತ್ರಿಯ ಸೊಸೆಗೆ ಆ ಕಟ್ಟಳೆಯೆಂದರೆ ಅಭಿಮಾನ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಶೆಡ್ಡಿಗೆ ಬುತ್ತಿ ತಂದುಕೊಡುತ್ತಿದ್ದವಳು. ಒಂದು ದಿನ ಮಾವ ವೈರು ಹುಡುಕಿ ಹುಡುಕಿ ಸೋತು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ, ಬುತ್ತಿ ಕೆಳಗಿಟ್ಟು, ಇಲ್ಲಿ ತುಂಡಾಗಿದೆಯಲ್ಲ ಎಂದು ಬೆರಳು ತೋರಿಸಿದಳು. ಅಂದಿನಿಂದ ಬುತ್ತಿ ತರುವ ಕೆಲಸ ಗಂಡನಿಗೆ ಬಿತ್ತು, ವೈರಿಂಗ್ ಇವಳಿಗೆ. ಗಂಡ ಟಿಂಕರಿಂಗ್ ಮಾಡುವವನು. ನೆಗ್ಗಿದ್ದನ್ನು ಎಬ್ಬಿಸುವುದು, ಹರಿದದ್ದನ್ನು ಬೆಸೆಯುವುದು. ಎಲ್ಲರೂ ಅವನನ್ನು ಟಿಂಕರ್ ಎಂದೇ ಕರೆಯುತ್ತಿದ್ದರು. ತಮ್ಮ ಮಗನಿಗೆ ಕೊಟ್ಟ ಬುದ್ಧಿಯನ್ನೆಲ್ಲ ಸುತ್ತಿಗೆ ತಿಂದುಹಾಕಿತು, ಸೊಸೆ ಬಂದ ಮೇಲೆ ಶೆಡ್ಡಿಗೆ ತಲೆ ಬಂತು ಎಂದು ಮೇಸ್ತ್ರಿ ಬಂದವರ ಮುಂದೆಲ್ಲ ಹೇಳುವರು. ಟಿಂಕರ್ ಬೇಸರಪಡದೆ, ತಲೆ ಇರೋರು ಬಿಲ್ಲು ಬರೀಲಿ ಎಂದು ಸುತ್ತಿಗೆ ಎತ್ತಿಕೊಳ್ಳುವನು.

ಆ ಬೇಸಿಗೆಯಲ್ಲಿ ಬಿಳಿಯ ಸಣ್ಣ ಟ್ಯಾಕ್ಸಿಯೊಂದು ಪದೇ ಪದೇ ಬಂತು. ಓಡಿಸುವವಳು ಹೆಂಗಸು. ಶೆಡ್ಡಿನವರು ಅವಳಿಗೆ ಡ್ರೈವರಮ್ಮ ಎಂದು ಹೆಸರಿಟ್ಟರು. ಅವಳ ದೂರು ಒಂದೇ: ಎ.ಸಿ. ಬೆಳಿಗ್ಗೆ ಬರುತ್ತದೆ, ಮಧ್ಯಾಹ್ನ ಹಿಡಿಯುವುದಿಲ್ಲ. ಸಂಜೆ ಗಾಡಿ ಬಿಟ್ಟುಹೋಗುವಳು. ಮಾರನೆಯ ಬೆಳಿಗ್ಗೆ ಇವರು ಗುಂಡಿ ಒತ್ತಿದರೆ ಕಂಪ್ರೆಸರ್ ಟಕ್ಕನೆ ಹಿಡಿದು, ಹಲ್ಲು ಕಟಕಟ ಎನ್ನುವಂತೆ ತಣ್ಣಗೆ ಊದುವುದು. ಮೊದಲ ಸಲ ಇರಲಿ ಎಂದು ಒಂದಿಷ್ಟು ಗ್ಯಾಸು ತುಂಬಿದರು. ಎರಡನೆಯ ಸಲ ಕಂಪ್ರೆಸರಿಗೆ ಕರೆಂಟು ಬಿಡುವ ರಿಲೇ ಬದಲಾಯಿಸಿದರು. ಮೂರನೆಯ ಸಲ, ಬೆಳಿಗ್ಗೆ ಅವಳು ಗಾಡಿ ಒಯ್ಯಲು ಬಂದಾಗ, ಮೇಸ್ತ್ರಿ ಗುಂಡಿ ಒತ್ತಿ, ಗಾಳಿಗೆ ಅವಳ ಕೈಯನ್ನೇ ಹಿಡಿಸಿ, ಕಾರಿಗೇನೂ ಆಗಿಲ್ಲ ಕಣಮ್ಮ, ನಿನ್ನ ತಲೆಗೇ ಬಿಸಿ ಏರಿರೋದು ಎಂದು ನಕ್ಕರು. ಸೊಸೆಯೂ ನಕ್ಕಳು. ಗುಂಡಿ ಯಾವುದು ಎಂದು ತಿಳಿಯದೆ ಹೀಟರ್ ಹಾಕಿಕೊಂಡು ಬರುವವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಡ್ರೈವರಮ್ಮ ನಗಲಿಲ್ಲ. ಕೀಲಿ ಎತ್ತಿಕೊಂಡು ಹೋದಳು.

ಆಮೇಲೆ ಅದೇ ವಾರ ನಡೆದದ್ದು ಇದು.

ನಡುಮಧ್ಯಾಹ್ನ. ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಎದುರಿನ ಟೈರಂಗಡಿಯವನು ಟೈರಿನ ಗುಡ್ಡೆಯ ನೆರಳಲ್ಲಿ ಬಾಯಿ ತೆರೆದು ಮಲಗಿದ್ದ. ಶೆಡ್ಡಿನೊಳಗೆ ಮೂವರೂ ಊಟ ಮುಗಿಸಿ, ಸ್ಟ್ಯಾಂಡ್ ಫ್ಯಾನಿನ ಮುಂದೆ ಕೂತು ಆಕಳಿಸುತ್ತಿದ್ದರು. ಬಿಳಿಯ ಟ್ಯಾಕ್ಸಿ ಹಾರನ್ ಒತ್ತುತ್ತ ನೇರ ಒಳಕ್ಕೇ ನುಗ್ಗಿತು. ನಾಲ್ಕೂ ಕಿಟಕಿ ತೆರೆದಿದ್ದವು. ಡ್ರೈವರಮ್ಮ ಇಂಜಿನ್ನನ್ನೂ ನಿಲ್ಲಿಸದೆ ಇಳಿದು, ಹಿಂದಿನ ಬಾಗಿಲು ತೆರೆದು, ಶಾಲೆಯ ಸಮವಸ್ತ್ರದಲ್ಲಿದ್ದ ಹುಡುಗಿಯೊಬ್ಬಳನ್ನು ಎತ್ತಿಕೊಂಡು ಬಂದಳು.

“ನೀರು. ಬೇಗ ನೀರು ಹಾಕಿ ಇವಳ ಮೇಲೆ. ಇವಳಿಗೆ ಬೆವರು ಬರಲ್ಲ.”

ಟಿಂಕರ್ ಕೈಗೆ ಸಿಕ್ಕಿದ ನೀರಿನ ಕೊಡವನ್ನೇ ತಂದು ಸಿಮೆಂಟು ನೆಲದ ಮೇಲೆ ಸುರಿದು, ಅಲ್ಲಿಯೇ ಹುಡುಗಿಯನ್ನು ಮಲಗಿಸಿಕೊಂಡು, ಟವೆಲ್ ನೆನೆಸಿ ಹೊದಿಸಿದ. ಸೊಸೆ ಅವಳ ಹಣೆ ಮುಟ್ಟಿದಳು. ಬಿಸಿಲಲ್ಲಿ ಬಿದ್ದಿದ್ದ ಹಂಚು ಮುಟ್ಟಿದಂತಾಯಿತು. ಸುಡುತ್ತಿತ್ತು, ಒಣಗಿತ್ತು. ಕುತ್ತಿಗೆಯ ಮಡಿಕೆಯಲ್ಲಾಗಲಿ ಮೂಗಿನ ತುದಿಯಲ್ಲಾಗಲಿ ಒಂದು ಹನಿಯ ಪಸೆಯೂ ಇಲ್ಲ. ತಲೆಯ ಮೇಲೆ ಮಂಜಿನಂತೆ ತೆಳುವಾದ ಕೂದಲು, ಬಾಯಲ್ಲಿ ಅಲ್ಲೊಂದು ಇಲ್ಲೊಂದು ಚೂಪು ಹಲ್ಲು. ಕಣ್ಣು ಮಾತ್ರ ಚುರುಕು.

ಹುಟ್ಟುವಾಗಲೇ ಹೀಗೆ, ಎಂದು ತಾಯಿ ಏದುಸಿರಿನ ನಡುವೆ ಹೇಳಿದಳು. ಮೈಯಲ್ಲಿ ಬೆವರಿನ ಗ್ರಂಥಿಗಳೇ ಇಲ್ಲ. ಹೊರಗಿನ ಬಿಸಿ ಒಳಕ್ಕೆ ಹೋದರೆ ಹೊರಗೆ ಬರುವ ದಾರಿಯಿಲ್ಲ, ಏರುತ್ತಲೇ ಹೋಗುತ್ತದೆ. ಕಾಯಿಲೆಯಲ್ಲ, ಮದ್ದೂ ಇಲ್ಲ. ಆಸ್ಪತ್ರೆಗೆ ಹೋದರೂ ಮಾಡುವುದು ಇದನ್ನೇ. ಡಾಕ್ಟರು ಹೇಳಿ ಕಳಿಸಿದ್ದು ಒಂದೇ ಮಾತು: ತಣ್ಣಗಿಡಿ.

ತಣ್ಣಗಿಡಿ. ಹೇಳುವುದು ಎಷ್ಟು ಸಲೀಸು. ತಂಪೇನು ಬೀದಿಯಲ್ಲಿ ಬಿದ್ದಿದೆಯೇ ಬಾಚಿಕೊಳ್ಳಲು? ಅದಕ್ಕೂ ಒಡೆಯರಿದ್ದಾರೆ, ಗಾಜಿನ ಬಾಗಿಲುಗಳಿವೆ, ಬಾಗಿಲಿಗೊಬ್ಬ ಕಾವಲಿನವನಿದ್ದಾನೆ. ಒಮ್ಮೆ ಹೀಗೆಯೇ ಮೈ ಕಾದಾಗ ಡ್ರೈವರಮ್ಮ ಮಗಳನ್ನು ದೊಡ್ಡ ಅಂಗಡಿಯೊಂದರ ಒಳಗೆ ಕೂರಿಸಲು ಹೋದಳು. ಕೊಳ್ಳುವುದಿಲ್ಲವಾದರೆ ಕೂರುವಂತಿಲ್ಲ ಎಂದು ಎಬ್ಬಿಸಿದರು. ಶಾಲೆಯವರನ್ನು ಬೆಳಗಿನ ಪಾಳಿಗೆ ಹಾಕಿಕೊಳ್ಳಿ ಎಂದು ಅಂಗಲಾಚಿದಳು. ಬೆಳಗಿನ ಪಾಳಿ ದೊಡ್ಡ ರಸ್ತೆಯ ಮನೆಗಳವರಿಗೆ. ಶೆಡ್ಡು, ಗುಡಿಸಲು, ಗೋದಾಮಿನ ಸಾಲಿನಿಂದ ಬರುವ ಮಕ್ಕಳಿಗೆ ಮಧ್ಯಾಹ್ನದ ಪಾಳಿ. ಹಾಗೆಂದು ಎಲ್ಲಿಯೂ ಬರೆದಿಲ್ಲ, ಎಲ್ಲರಿಗೂ ಗೊತ್ತು. ಶಾಲೆಯೇನೋ ಕಲ್ಲುಕಟ್ಟಡ, ಒಳಗೆ ಹೊಕ್ಕರೆ ತಂಪು. ಸಂಕಟವೆಲ್ಲ ದಾರಿಯದು. ಆ ದಾರಿಗಾಗಿಯೇ ಅವಳು ಡ್ರೈವಿಂಗ್ ಕಲಿತದ್ದು, ಎ.ಸಿ. ಇರುವ ಗಾಡಿ ಹುಡುಕಿದ್ದು. ಇಂದೂ ಶಾಲೆಗೆ ಹೋಗುವ ದಾರಿಯಲ್ಲೇ ಅದು ಕೈಕೊಟ್ಟಿತ್ತು.

ಇದನ್ನೆಲ್ಲ ಅವಳು ಈ ಮೂರು ಸಲವೂ ಹೇಳಿರಲಿಲ್ಲ. ರಿಪೇರಿಯವರ ಮುಂದೆ ಮಗಳ ಮೈಯ ಕಥೆ ಯಾಕೆ ಬಿಚ್ಚಬೇಕು ಎಂದುಕೊಂಡಿದ್ದಳು.

“ಸಾಕು,” ಎಂದಳು ಈಗ, ಮಗಳ ಅಂಗಾಲಿಗೆ ನೀರು ಸವರುತ್ತ. “ಸಾಕಾಯ್ತು ಈ ಸ್ಕೂಲು. ನಾಳೆಯಿಂದ ಮನೇಲೇ ಇರಲಿ. ಬಾಗಿಲು ಹಾಕ್ಕೊಂಡು, ಒದ್ದೆ ಬಟ್ಟೆ ಸುತ್ಕೊಂಡು ಇರಲಿ. ಜೀವ ಇದ್ರೆ ಸಾಕು ನಂಗೆ.”

ಹುಡುಗಿ ಟವೆಲ್ಲಿನೊಳಗಿಂದ ಕಣ್ಣು ಬಿಟ್ಟಳು. ತಾಯಿ ಅವಳನ್ನು ಮೆಣಸು ಎಂದು ಕರೆಯುತ್ತಿದ್ದಳು. ಯಾಕೆಂದು ಬೇಗನೆ ಗೊತ್ತಾಯಿತು. ತಾನೇನೂ ಸಾಯುತ್ತಿಲ್ಲವೆಂದೂ, ನೀರು ಹಾಕುವ ಅಂಕಲ್ಲಿಗೆ ಸ್ವಲ್ಪ ಕಣ್ಣು ಕಾಣಿಸಿದರೆ ಬ್ಯಾಗು ಪಕ್ಕಕ್ಕಿಡಬೇಕೆಂದೂ, ಇಲ್ಲವಾದರೆ ಪುಸ್ತಕವೆಲ್ಲ ಗಂಜಿಯಾಗುತ್ತದೆಂದೂ ಹೇಳಿದಳು. ಟಿಂಕರ್ ತಪ್ಪಾಯಿತು ತಾಯಿ ಎಂದು ಬ್ಯಾಗನ್ನು ಬೆಂಚಿನ ಮೇಲೆ ಇಟ್ಟ. ಆದರೆ ಹುಡುಗಿಯ ಮಾತಿನ ಕೊನೆ ತೊದಲಿತ್ತು. ಆಮೇಲೆ ಅವಳು ಸುಮ್ಮನಾದಳು. ತಾಯಿಗೆ ಆ ಮೌನವೇ ಭಯ.

ಫ್ಯಾನಿನಿಂದ ಬರುತ್ತಿದ್ದುದು ಬಿಸಿಗಾಳಿ. ಹೊದಿಸಿದ ಟವೆಲ್ ನೋಡುತ್ತಿದ್ದಂತೆ ಒಣಗುತ್ತಿತ್ತು. ಕೊಡದ ನೀರೂ ಬೆಚ್ಚಗಾಗಿತ್ತು.

ಮೇಸ್ತ್ರಿ ಎದ್ದು ಕಾರಿನತ್ತ ನಡೆದರು. ಇಷ್ಟು ವರ್ಷ ಮಾಡಿಕೊಂಡು ಬಂದದ್ದನ್ನೇ ಮಾಡಲು ಹೊರಟಿದ್ದರು: ಇಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಒಂದಷ್ಟು ಆರಲು ಬಿಟ್ಟು ಆಮೇಲೆ ನೋಡುವುದು. ಅವರ ಕೈ ಕೀಲಿಯ ಹತ್ತಿರ ಹೋದಾಗ ಸೊಸೆಗೆ ಏನೋ ಹೊಳೆಯಿತು. ಹೊಳೆದದ್ದರ ಜೊತೆಗೇ ನಾಚಿಕೆಯೂ ಆಯಿತು.

“ಮಾವ, ಆಫ್ ಮಾಡಬೇಡಿ.”

ಅವರು ತಿರುಗಿ ನೋಡಿದರು.

“ಮೂರು ಸಲ ನಾವು ನೋಡಿದ್ದು ರಾತ್ರಿಯೆಲ್ಲಾ ಆರಿದ ಗಾಡಿನ. ಅಕ್ಕ ಹೇಳಿದ್ದು ಕಾದ ಗಾಡಿ ಬಗ್ಗೆ. ಅದು ಇವತ್ತೇ ನಮ್ಮ ಕೈಗೆ ಸಿಕ್ಕಿರೋದು. ಆರಿದ್ರೆ ಮತ್ತೆ ಸುಳ್ಳು ಹೇಳುತ್ತೆ.”

ಮೇಸ್ತ್ರಿ ಮೇಲಿನ ತಗಡನ್ನು ನೋಡಿದರು, ಹೊರಗೆ ಕಣ್ಣು ಕುಕ್ಕುವ ರಸ್ತೆಯನ್ನು ನೋಡಿದರು. ಕಟ್ಟಳೆ ಅವರದು. ಅದನ್ನು ಕಟ್ಟಿದ್ದು ಒಬ್ಬನ ಹೆಣದ ಮೇಲೆ. ಆಮೇಲೆ ನೆಲದ ಮೇಲೆ ಮಲಗಿದ್ದ ಹುಡುಗಿಯನ್ನು ನೋಡಿ, ಕೀಲಿಯಿಂದ ಕೈ ತೆಗೆದರು. ಬಾನೆಟ್ ಎತ್ತಿದ್ದು ಅವರೇ.

ಝಳ ಮುಖಕ್ಕೆ ರಾಚಿತು. ಸೊಸೆ ಕಣ್ಣು ಕಿರಿದು ಮಾಡಿ ಬಗ್ಗಿದಳು. ಕೆಳಗೆ, ಇಂಜಿನ್ನಿನ ಮಗ್ಗುಲಲ್ಲಿ ಕಂಪ್ರೆಸರ್. ಬೆಲ್ಟು ಅದರ ಮುಂದಿನ ಪುಲ್ಲಿಯನ್ನು ಗಿರ್ರನೆ ತಿರುಗಿಸುತ್ತಿತ್ತು. ಇಂಜಿನ್ ಓಡುವಷ್ಟು ಹೊತ್ತೂ ಪುಲ್ಲಿ ತಿರುಗುತ್ತದೆ. ಅಷ್ಟರಿಂದ ತಂಪು ಹುಟ್ಟುವುದಿಲ್ಲ. ಪುಲ್ಲಿಯ ಮುಂದೆ ಅಂಗೈಯಗಲದ ಕ್ಲಚ್ ತಟ್ಟೆಯೊಂದಿದೆ. ಗುಂಡಿ ಒತ್ತಿದಾಗ ಪುಲ್ಲಿಯೊಳಗಿನ ಕಾಯಿಲ್ ಎಂಬ ತಂತಿಸುರುಳಿ ಅಯಸ್ಕಾಂತವಾಗಿ ಆ ತಟ್ಟೆಯನ್ನು ಟಕ್ಕನೆ ಎಳೆದುಕೊಳ್ಳಬೇಕು. ಆಗ ಎರಡೂ ಒಂದಾಗಿ ತಿರುಗಿ, ಒಳಗಿನ ಗ್ಯಾಸು ಒತ್ತಡಕ್ಕೆ ಸಿಕ್ಕಿ ಹರಿಯತೊಡಗುತ್ತದೆ. ಈಗ ತಟ್ಟೆ ನಿಂತಲ್ಲೇ ನಿಂತಿತ್ತು. ಹಿಂದೆ ಪುಲ್ಲಿ ಹುಚ್ಚೆದ್ದು ಸುತ್ತುತ್ತಿದ್ದರೂ ತನಗೂ ಅದಕ್ಕೂ ಸಂಬಂಧವೇ ಇಲ್ಲವೆನ್ನುವಂತೆ.

ಇದೇ ಕಾಯಿಲೆ. ಮೂರು ಸಲ ಬೆಳಿಗ್ಗೆ ಮುಖ ತೋರಿಸದೆ ತಪ್ಪಿಸಿಕೊಂಡದ್ದು ಕೊನೆಗೂ ಕಣ್ಣೆದುರು ನಿಂತಿತ್ತು.

ಗ್ಯಾಸು ಇದೆಯೇ ನೋಡಿ ಎಂದಳು. ಮೇಸ್ತ್ರಿ ಗೇಜು ಹಚ್ಚಿದರು. ಎರಡೂ ಮುಳ್ಳು ಒಂದೇ ಮಟ್ಟದಲ್ಲಿ ನಿಂತವು. ಗ್ಯಾಸು ಬೇಕಾದಷ್ಟಿದೆ, ಅದನ್ನು ದೂಡುವವರಿಲ್ಲ. ಫ್ಯೂಸ್ ಸರಿಯಿತ್ತು. ರಿಲೇಯನ್ನು ಕಿತ್ತು ಹಾರನ್ನಿನ ರಿಲೇಯನ್ನು ಅಲ್ಲಿ ಸಿಕ್ಕಿಸಿದರೂ ತಟ್ಟೆ ಮಿಸುಕಲಿಲ್ಲ. ಕಾಯಿಲ್ಲಿಗೆ ಹೋಗುವ ವೈರಿಗೆ ಟೆಸ್ಟ್ ಲ್ಯಾಂಪಿನ ಮೊನೆ ತಾಗಿಸಿದಳು. ದೀಪ ಉರಿಯಿತು. ಹಾಗಾದರೆ ಕರೆಂಟು ಬಾಗಿಲತನಕ ಬಂದಿದೆ. ಒಳಗೆ ಹೋಗಿದೆಯೇ? ಕಾಯಿಲ್ ಸತ್ತಿದ್ದರೆ ಇಂದು ಏನು ಮಾಡಿಯೂ ಪ್ರಯೋಜನವಿಲ್ಲ. ಅವಳು ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ನಿಂತ ತಟ್ಟೆಯ ನಡುವಿನ ಬೋಲ್ಟಿನ ಹತ್ತಿರ ಒಯ್ದಳು.

ತುದಿ ತಾನಾಗಿ ಅತ್ತ ವಾಲಿತು. ಯಾರೋ ಮೆಲ್ಲನೆ ಬೆರಳು ಹಿಡಿದು ಕರೆದ ಹಾಗೆ.

ಅಯಸ್ಕಾಂತ ಬದುಕಿದೆ. ಎಳೆಯುತ್ತಲೂ ಇದೆ. ತನ್ನ ಕೈಲಾದಷ್ಟು ಎಳೆಯುತ್ತಿದೆ, ತಟ್ಟೆಯವರೆಗೆ ಅದರ ಬಲ ಮುಟ್ಟುತ್ತಿಲ್ಲ ಅಷ್ಟೆ.

ಸುತ್ತಿಗೆಯ ಉದ್ದನೆಯ ಮರದ ಹಿಡಿ ಕೊಡಿ ಎಂದು ಗಂಡನನ್ನು ಕೇಳಿದಳು. ಏನು ಮಾಡಲಿದ್ದಾಳೆಂದು ಮೇಸ್ತ್ರಿಗೆ ಕೂಡಲೇ ಅರ್ಥವಾಯಿತು. ಬೆಲ್ಟು ಒಂದು ಗೇಣು ದೂರದಲ್ಲಿ ಓಡುತ್ತಿತ್ತು. ತೋಳು ಜಾರಿದರೆ ಬೆರಳು ಹೋದಂತೆಯೇ. ಕೂದಲು ಬಿಗಿಯಾಗಿ ಕಟ್ಟಿಕೋ ಎಂದರು. ಬೇಡ ಎನ್ನಲಿಲ್ಲ. ಅವಳು ಬಗ್ಗಿದಾಗ ಹಿಂದಿನಿಂದ ಅವಳ ಅಂಗಿಯ ಬೆನ್ನನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡರು. ಓಡುವ ಇಂಜಿನ್, ಉರಿವ ಹೊತ್ತು, ಅದರ ಮೇಲೆ ಬಗ್ಗಿದ ಬೆನ್ನು. ಅವರು ಯಾರನ್ನು ಹಿಡಿದುಕೊಂಡಿದ್ದಾರೆಂದು ಅವಳು ಕೇಳಲಿಲ್ಲ.

ಹಿಡಿಯ ತುದಿಯನ್ನು ತಟ್ಟೆಗೆ ಊರಿ ಮೆಲ್ಲನೆ ತಳ್ಳಿದಳು.

ಟಕ್.

ತಟ್ಟೆ ಮಾಯವಾದಂತೆ ತಿರುಗತೊಡಗಿತು. ಇಂಜಿನ್ನಿನ ದನಿ ಒಮ್ಮೆ ಕುಗ್ಗಿ, ಹೊರೆ ಹೊತ್ತವರಂತೆ ಗಟ್ಟಿಯಾಯಿತು. ಗೇಜಿನ ಮುಳ್ಳುಗಳು ಬೇರೆಯಾಗಿ ಒಂದು ಮೇಲಕ್ಕೂ ಒಂದು ಕೆಳಕ್ಕೂ ಸರಿದವು. ಅಲ್ಯುಮಿನಿಯಮ್ಮಿನ ಸಪೂರ ಕೊಳವೆಯೊಂದು, ಅಷ್ಟು ಹೊತ್ತು ಮುಟ್ಟಿದರೆ ಸುಡುತ್ತಿದ್ದುದು, ಅವಳ ಕಣ್ಣೆದುರೇ ಮಸುಕಾಗಿ, ಬೆವೆತು, ತಣ್ಣಗಾಯಿತು. ಸುತ್ತಲೂ ಕೆಂಡದಂಥ ಕಬ್ಬಿಣ, ನಡುವೆ ಈ ಬೆರಳುಗಾತ್ರದ ಚಳಿಗಾಲ. ಎಷ್ಟು ಕಾರುಗಳಲ್ಲಿ ಇದನ್ನು ನೋಡಿದ್ದಳೋ ಲೆಕ್ಕವಿಲ್ಲ. ಇಂದು ಮೊದಲ ಸಲ ಕಂಡಂತೆ ನೋಡಿದಳು.

ಹುಡುಗಿಯನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿ, ತಾಯಿ ಪಕ್ಕದಲ್ಲಿ ಕೂತು ಕಿಟಕಿಗಳನ್ನೆಲ್ಲ ಏರಿಸಿಕೊಂಡಳು. ಗಾಜಿನ ಹಿಂದೆ ಒದ್ದೆ ಅಂಗಿಯ ಹುಡುಗಿ ಕಣ್ಣು ಮುಚ್ಚಿ ಗಾಳಿಗೆ ಮುಖ ಒಡ್ಡಿದ್ದು ಕಾಣುತ್ತಿತ್ತು.

ಆದರೆ ಕಂಪ್ರೆಸರ್ ಸದಾ ಓಡುವುದಿಲ್ಲ. ಒಳಗೆ ಸಾಕಷ್ಟು ತಣ್ಣಗಾದಾಗ ತಾನೇ ಬಿಟ್ಟುಕೊಂಡು, ಸ್ವಲ್ಪ ಹೊತ್ತಿನ ಮೇಲೆ ತಾನೇ ಹಿಡಿಯಬೇಕು. ಬಿಟ್ಟುಕೊಂಡಿತು, ಮತ್ತೆ ಹಿಡಿಯಲಿಲ್ಲ. ಸೊಸೆ ಮತ್ತೆ ಬಗ್ಗಿ ತಳ್ಳಿದಳು. ಟಕ್. ಮತ್ತೆ ಬಿಟ್ಟುಕೊಂಡಿತು. ಮತ್ತೆ ತಳ್ಳಿದಳು. ಗಾಡಿಗೆ ಇಲ್ಲದ ಬಲವನ್ನು ತನ್ನ ಮಣಿಕಟ್ಟಿನಿಂದ ತುಂಬಿಕೊಡುತ್ತ ಆ ಝಳದ ಬಾಯಲ್ಲಿ ನಿಂತಳು. ಟಿಂಕರ್ ಅವಳ ಕುತ್ತಿಗೆಗೆ ಒದ್ದೆ ಬಟ್ಟೆ ಹಾಕಿದ. ತಾನು ನಿಲ್ಲುತ್ತೇನೆ ಕೊಡು ಎಂದ. ನಿಮ್ಮ ಕೈಗೆ ಸಿಕ್ಕರೆ ಕಂಪ್ರೆಸರ್ ನೆಗ್ಗುತ್ತದೆ ಎಂದು ಅವಳು ಕೊಡಲಿಲ್ಲ.

ಬೆವರು ಸುರಿಯಿತು. ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಮೂಗಿಗೆ, ಗಲ್ಲದಿಂದ ಎದೆಗೆ. ಬೆನ್ನಿನ ಗುಂಟ ಹೊಳೆಯಾಗಿ ಇಳಿದು, ಮಾವನ ಮುಷ್ಟಿಗಳನ್ನೂ ತೋಯಿಸಿತು. ಕಣ್ಣಿಗಿಳಿದು ಉರಿಸುತ್ತದೆ, ಬಟ್ಟೆಗೆ ನಾತ ಹಿಡಿಸುತ್ತದೆ, ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಳ್ಳುತ್ತಾರೆ ಎಂದು ಅವಳು ಹುಟ್ಟಿದಾಗಿನಿಂದ ಶಪಿಸಿದ ಬೆವರು. ದುಡಿಯುವವರ ಮೈಗೆ ಮೆತ್ತಿದ ಅವಮಾನ ಎಂದುಕೊಂಡದ್ದು. ಅದನ್ನೀಗ ಅವಳು ಬೆರಗಿನಿಂದ ನೋಡಿದಳು. ಕೇಳದೆಯೇ, ಗುಂಡಿ ಒತ್ತದೆಯೇ, ಮೈಯ ಮೂಲೆಮೂಲೆಯಿಂದ ಹೊರಟು ತನ್ನನ್ನು ಕಾಯುತ್ತಿದೆ. ಯಾವ ಒಡೆಯನೂ ಕೊಟ್ಟದ್ದಲ್ಲ, ಯಾರೂ ಕಸಿಯಲಾಗದ್ದು. ತನ್ನ ಚರ್ಮದೊಳಗೆ ಇಷ್ಟೊಂದು ತಂಪಿನ ಊಟೆಗಳಿವೆಯೆಂದು ತಿಳಿಯದೆ ಇಷ್ಟು ವರ್ಷ ಬದುಕಿದ್ದಳು. ಗಾಜಿನ ಆಚೆ, ಅವುಗಳಲ್ಲಿ ಒಂದೂ ಇಲ್ಲದ ಪುಟ್ಟ ಮೈ.

ಎಷ್ಟು ಸಲ ತಳ್ಳಿದಳೋ. ಕೊನೆಗೆ ಕಿಟಕಿ ಒಂದು ಬೆರಳಿನಷ್ಟು ಇಳಿಯಿತು. ಮೆಣಸಿನ ದನಿ ಹೊರಬಂತು.

“ಆಂಟಿ, ಚಳಿ ಆಗ್ತಿದೆ. ಕಮ್ಮಿ ಮಾಡಿ.”

ಡ್ರೈವರಮ್ಮ ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಅತ್ತಳು. ಮೇಸ್ತ್ರಿ ಸೊಸೆಯ ಅಂಗಿಯನ್ನು ಬಿಟ್ಟರು. ಬಿಡುವಾಗ ಅವರ ಬೆರಳುಗಳು ಮರಗಟ್ಟಿದ್ದವು.

ಹುಡುಗಿಯ ಮೈ ಪೂರ್ತಿ ತಣ್ಣಗಾಗುವವರೆಗೆ ಕಾದು, ಅವಳಿಗೆ ಹೊಸದಾಗಿ ನೆನೆಸಿದ ಟವೆಲ್ ಹೊದಿಸಿ, ಫ್ಯಾನಿನ ಮುಂದೆ ಸ್ಟೂಲಿನ ಮೇಲೆ ಕೂರಿಸಿ, ಆಮೇಲೆ ಇಂಜಿನ್ ನಿಲ್ಲಿಸಿದರು. ಈಗ ರೋಗದ ಬೇರು ನೋಡಬೇಕಿತ್ತು. ಮೇಸ್ತ್ರಿ ಕ್ಲಚ್ ತಟ್ಟೆಗೂ ಪುಲ್ಲಿಗೂ ನಡುವೆ ಸಂದು ಅಳೆಯುವ ಗೇಜಿನ ತೆಳು ಉಕ್ಕಿನ ಎಲೆಗಳನ್ನು ಒಂದೊಂದಾಗಿ ತೂರಿಸಿದರು. ಇರಬೇಕಾದ ಸಂದಿಗೆ ಬಿಗಿಯಾಗಬೇಕಿದ್ದ ಎಲೆ ಸಡಿಲವಾಗಿ ಓಡಾಡಿತು. ಅದರ ಜೊತೆಗೆ ಇನ್ನೊಂದು ಎಲೆಯನ್ನೂ ಸೇರಿಸಿದಾಗಲೇ ಹಿಡಿದದ್ದು. ವರ್ಷಗಟ್ಟಲೆ ಟಕ್ ಟಕ್ ಎಂದು ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಕಬ್ಬಿಣ ಕಬ್ಬಿಣವನ್ನೇ ಸವೆಸಿತ್ತು. ಬೆಳಗಿನ ತಂಪಿನಲ್ಲಿ ಕಾಯಿಲ್ಲಿಗೆ ಬಲ ಜಾಸ್ತಿ, ಆ ಸಂದನ್ನು ದಾಟಿ ತಟ್ಟೆಯನ್ನು ಎಳೆದುಕೊಳ್ಳುತ್ತಿತ್ತು. ಮಧ್ಯಾಹ್ನ ಕಾದು ಸೊರಗಿದಾಗ ಅದೇ ಸಂದು ಅದರ ಪಾಲಿಗೆ ಕಂದಕ.

ಸೊಸೆ ಆ ಎಲೆಯನ್ನು ಬೆಳಕಿಗೆ ಹಿಡಿದು ನೋಡಿದಳು. ನಾಲ್ಕಾರು ಕೂದಲು ಒಟ್ಟಿಗೆ ಹಿಡಿದಷ್ಟು ದಪ್ಪ. ಇಷ್ಟಕ್ಕಾಗಿ. ಒಂದು ಮಗು ಹೊರಗಿನ ಲೋಕದಲ್ಲಿ ಇರಬೇಕೋ ಬಾಗಿಲ ಹಿಂದೆ ಇರಬೇಕೋ ಎಂಬುದು ಇಷ್ಟರ ಮೇಲೆ ನಿಂತಿತ್ತು. ಅವಳಿಗೆ ಸಿಟ್ಟೂ ಬಂತು. ಮಗುವಿನ ಶಾಲೆಯನ್ನು ಒಂದು ಹಳೆಯ ಕಾರಿನ ಸವೆದ ಕಬ್ಬಿಣಕ್ಕೆ ನೇತುಹಾಕಿದವರು ಯಾರು? ಬೆಳಗಿನ ಪಾಳಿಯ ಒಂದು ಬೆಂಚು ಸಾಕಿತ್ತು. ಸಿಟ್ಟಿನ ಬೆನ್ನಿಗೇ ಮತ್ತೆ ಆ ಬೆರಗು. ಸಂದು ಇಷ್ಟೇ ಇಷ್ಟು, ಮುಚ್ಚಿದರೆ ಮುಚ್ಚಿಹೋಗುವಂಥದು.

ಮುಚ್ಚಿದ್ದು ಮೇಸ್ತ್ರಿ. ನಡುವಿನ ಬೋಲ್ಟು ಬಿಚ್ಚಿ, ತಟ್ಟೆಯನ್ನು ಓರೆಯಾಗದಂತೆ ಹೊರಗೆಳೆದು, ಅದರ ಹಿಂದೆ ಕೂತಿದ್ದ ತೆಳು ವಾಷರುಗಳಲ್ಲಿ ಒಂದನ್ನು ತೆಗೆದರು. ಕೂರಿಸಿ ಅಳೆದರೆ ಸಂದು ತೀರ ಕಿರಿದಾಗಿ ತಟ್ಟೆ ಪುಲ್ಲಿಗೆ ಉಜ್ಜಿತು. ಟಿಂಕರ್ ಡಬ್ಬಿಯನ್ನೆಲ್ಲ ನೆಲಕ್ಕೆ ಸುರುವಿ, ತೆಗೆದದ್ದರ ಜಾಗಕ್ಕೆ ಅದಕ್ಕಿಂತ ತೆಳುವಾದ ವಾಷರ್ ಹುಡುಕಿಕೊಟ್ಟ. ಮತ್ತೆ ಬಿಚ್ಚಿ, ಮತ್ತೆ ಕೂರಿಸಿದರು. ಎಲೆ ಸುತ್ತಲೂ ಒಂದೇ ಬಿಗಿಯಲ್ಲಿ ಸರಿಯಿತು. ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತ ಅವರು ಡ್ರೈವರಮ್ಮನ ಎದುರು ಬಂದು ನಿಂತರು. ಅವರ ವಯಸ್ಸಿಗೆ, ಅವರ ಹೆಸರಿಗೆ ಅದು ಸುಲಭದ್ದಲ್ಲ.

“ನೀನು ಮೂರು ಸಲ ನಿಜ ಹೇಳ್ದೆ ತಾಯಿ. ನಾವು ಒಂದ್ಸಲಾನೂ ನಂಬಲಿಲ್ಲ. ಬೆಳಿಗ್ಗೆ ನೋಡಿ ಮಧ್ಯಾಹ್ನದ ಮಾತು ಸುಳ್ಳು ಅಂದ್ವಿ.”

ಅವಳು ಕಾರನ್ನು ನೋಡುತ್ತಿದ್ದಳು. ಅವಳ ನೋಟದಲ್ಲಿ ನಂಬಿಕೆಯಿರಲಿಲ್ಲ. ಮೂರು ಸಲ ಸರಿಹೋಯಿತೆಂದು ಕೇಳಿ ಮೂರು ಸಲವೂ ದಾರಿಯಲ್ಲಿ ಕೈಕೊಟ್ಟದ್ದನ್ನು ಕಂಡವಳು ಅವಳು.

ಅದನ್ನು ಅರಿತು ಮೇಸ್ತ್ರಿಯೇ ಗಾಡಿ ಹತ್ತಿ, ಹಿಂದಕ್ಕೆ ತೆಗೆದು, ನೆರಳಿಲ್ಲದ ರಸ್ತೆಯ ನಟ್ಟನಡುಬಿಸಿಲಲ್ಲಿ ನಿಲ್ಲಿಸಿದರು. ಇಂಜಿನ್ ಓಡುತ್ತಿರಲಿ ಎಂದರು. ಎಲ್ಲರೂ ಬಂದು ಶೆಡ್ಡಿನ ಅಂಚಿನಲ್ಲಿ ನಿಂತರು. ತಾವೇ ಹಾಕಿದ ಕಟ್ಟಳೆಯನ್ನು ಮುರಿದು ಮೇಸ್ತ್ರಿ ಬಿಸಿಲಲ್ಲಿ ಬಾನೆಟ್ಟಿನ ಬಳಿ ಕಾವಲು ನಿಂತದ್ದು ಕಂಡು, ಎದುರಿನ ಟೈರಂಗಡಿಯವನು ಎದ್ದು ಕೂತು, ಏನ್ ಮೇಸ್ತ್ರಿ, ಬಿಸಿಲಿಗೆ ತಲೆ ಕೆಟ್ಟಿತಾ ಎಂದು ಕೂಗಿ ಕೇಳಿದ. ಹೌದು ಕಣಯ್ಯ, ಈಗ ಸರಿಹೋಗ್ತಿದೆ ಎಂದರು ಇವರು.

ಟಕ್. ಬಿಟ್ಟುಕೊಂಡಿತು. ಟಕ್. ಹಿಡಿಯಿತು. ಯಾರ ಕೈಯೂ ತಾಗದೆ, ಯಾರೂ ತಳ್ಳದೆ. ಬಾನೆಟ್ಟಿನ ಮೇಲೆ ಗಾಳಿ ನೀರಿನಂತೆ ನಡುಗುತ್ತಿತ್ತು. ಬಿಟ್ಟುಕೊಂಡಿತು, ಹಿಡಿಯಿತು. ಕಾಯಿಲ್ ಎಷ್ಟು ಕಾಯಬಹುದೋ ಅಷ್ಟೂ ಕಾಯಿತು, ಆದರೂ ಹಿಡಿಯಿತು. ಸಣ್ಣ ಸದ್ದು, ನಾಲಿಗೆ ಲೊಚಗುಟ್ಟಿದಷ್ಟು. ಅವರು ನಾಲ್ವರೂ ಆ ಸದ್ದನ್ನು, ಹಾಲುಗಲ್ಲದ ಕೂಸಿನ ಉಸಿರಿಗೆ ಕಿವಿಗೊಟ್ಟವರಂತೆ ಆಲಿಸುತ್ತಿದ್ದರು.

ಮೆಣಸು ಟವೆಲ್ಲಿನ ಮುಸುಕಿನಲ್ಲಿ ಹೋಗಿ ಕಾರಿನ ಕೆಳಗೆ ಬಗ್ಗಿ ನೋಡಿದಳು. ಅಲ್ಲಿಂದ ನೀರು ಹನಿಯುತ್ತಿತ್ತು. ಕಾದ ರಸ್ತೆಯ ಮೇಲೆ ಹನಿ ಬಿದ್ದಲ್ಲಿ ಕಪ್ಪನೆಯ ಕಲೆ ಹರಡುತ್ತಿತ್ತು. ಅವಳು ಕೈಯೊಡ್ಡಿ ಒಂದು ಹನಿ ಹಿಡಿದಳು.

“ಆಂಟಿ, ನಿಮ್ಮ ಥರಾನೇ. ಇದೂ ಬೆವರುತ್ತೆ.”

ಅದು ಬೆವರಲ್ಲ ಪುಟ್ಟಿ, ಗಾಳಿಯಲ್ಲಿರುವ ಪಸೆ ತಣ್ಣನೆಯ ಕೊಳವೆಗೆ ತಾಗಿ ನೀರಾಗುತ್ತದೆ ಎಂದು ಹೇಳಲು ಹೊರಟಳು ಸೊಸೆ. ಹುಡುಗಿ ಆ ಹನಿಯನ್ನು ತನ್ನ ಒಣ ಹಣೆಗೆ ಒತ್ತಿಕೊಳ್ಳುತ್ತಿದ್ದಳು, ಎಲ್ಲರ ಹಣೆಯ ಮೇಲೂ ಬೆವರು ಇರುವ ಜಾಗದಲ್ಲಿಯೇ.

“ನನ್ನದೂ ಸೇರಿಸಿ ಇದೇ ಬೆವರುತ್ತೆ,” ಎಂದಳು, ತೀರ ಮಾಮೂಲಿ ಸಂಗತಿಯೆಂಬಂತೆ. ಸೊಸೆ ಹೇಳಬೇಕೆಂದಿದ್ದ ವಿವರ ಅಲ್ಲಿಯೇ ಉಳಿಯಿತು.

ಡ್ರೈವರಮ್ಮ ಕಾರು ಹತ್ತಿದಳು. ಮಗಳು ಬ್ಯಾಗು ಎತ್ತಿಕೊಂಡು ಹಿಂದೆ ಕೂತಳು. ಶಾಲೆಗೋ ಮನೆಗೋ ಎಂದು ಯಾರೂ ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ. ಮಗಳನ್ನು ಹಗ್ಗದ ಮೇಲೆ ನಡೆಸುವವಳು ಆ ತಾಯಿ, ಕೆಳಗೆ ನಿಂತವರು ಬಾ ಬಾ ಎನ್ನುವುದು ಸುಲಭ. ನಿಮ್ಮ ಹೊಟ್ಟೆ ತಣ್ಣಗಿರಲಿ ಎಂದಷ್ಟೇ ಹೇಳಿ ಅವಳು ಕಿಟಕಿ ಏರಿಸಿದಳು.

ಕಾರು ರಸ್ತೆಯ ಕೊನೆಯ ಸಿಗ್ನಲ್ಲಿನಲ್ಲಿ ಹೋಗಿ ನಿಂತಿತು. ಎಡಕ್ಕೆ ತಿರುಗಿದರೆ ಅವರ ಮನೆಯ ಸಾಲು, ಬಲಕ್ಕೆ ಶಾಲೆ. ಸೊಸೆ ಬಿಸಿಲಿಗೆ ಬಂದು ಹಣೆಗೆ ಕೈ ಮರೆಮಾಡಿ ನಿಂತಳು. ಅಷ್ಟು ದೂರದಿಂದ ಟಕ್ ಎಂಬ ಸದ್ದು ಕೇಳುವ ಮಾತೇ ಇಲ್ಲ. ನೋಡಬಹುದಾದದ್ದು ಕಿಟಕಿಗಳನ್ನು ಮಾತ್ರ. ಎ.ಸಿ. ಕೈಕೊಟ್ಟಿದ್ದರೆ ತಾಯಿ ಮೊದಲು ಮಾಡುವುದು ಅವುಗಳನ್ನು ಇಳಿಸುವುದು. ಕೆಂಪುದೀಪ ಆರುವ ಲಕ್ಷಣವೇ ಕಾಣಲಿಲ್ಲ. ಮೇಲೆ ಸೂರ್ಯ, ಕೆಳಗೆ ಡಾಂಬರು, ನಡುವೆ ಆ ಬಿಳಿಯ ಡಬ್ಬಿ. ಹಿಂದೆ ಮಾವ ಬಂದು ನಿಂತದ್ದು, ಅವರ ಹಿಂದೆ ಗಂಡ ಬಂದು ನಿಂತದ್ದು ಅವಳಿಗೆ ತಿಳಿಯಿತು. ಮೂವರೂ ಬೆವರು ಸುರಿಸುತ್ತ ನೋಡುತ್ತಿದ್ದರು.

ಕಿಟಕಿ ಒಂದೂ ಇಳಿಯಲಿಲ್ಲ.

ದೀಪ ಹಸಿರಾಯಿತು. ಕಾರು ಒಂದು ಕ್ಷಣ ನಿಂತೇ ಇತ್ತು. ಹಿಂದಿನವನು ಹಾರನ್ ಬಾರಿಸಿದ. ಆಮೇಲೆ ಅದು ಮುಂದೆ ಸರಿದು, ಏರಿಸಿದ ಗಾಜುಗಳಲ್ಲಿ ಇಡೀ ಬಿಸಿಲನ್ನು ಹೊಳೆಯಿಸುತ್ತ, ಬಲಕ್ಕೆ ತಿರುಗಿತು.